ಸಮುದಾಯ ಸಂರಕ್ಷಣೆ: ಒಂದೂರಿನಿಂದ ಹತ್ತೂರಿಗೆ

ಪೀಠಿಕೆ

ಪ್ರಾಣಿ ಪಕ್ಷಿಗಳು, ಗಿಡಮರಗಳು, ಕೆರೆ ಕುಂಟೆಗಳು ಇವುಗಳ ಸಂರಕ್ಷಣೆಯೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ತಂತಿಬೇಲಿ, ಕಾವಲುಗಾರ ಮತ್ತು ಸರ್ಕಾರದ ಫಲಕ. ಆದರೆ ಬೇಲಿಯೂ ಫಲಕವೂ ಇಲ್ಲದ ಕಡೆಗಳಲ್ಲಿ, ಊರಿನ ಜನರೇ ತಮ್ಮ ಇಚ್ಛೆಯಿಂದ ಕಾಯ್ದುಕೊಂಡು ಬಂದಿರುವ ಹಕ್ಕಿಗಳೂ ಕಾವಲುಗಳೂ ನಮ್ಮ ನಾಡಿನಲ್ಲಿ ಅನೇಕವಿವೆ. ಇಂತಹ ಕಾರ್ಯವನ್ನು ಇಂದಿನ ವಿದ್ವಾಂಸರು ‘ಸಮುದಾಯ ಸಂರಕ್ಷಣೆ’ ಎಂದು ಕರೆಯುತ್ತಾರೆ. ಜೀವದಯೆಯನ್ನು ಬಾಲ್ಯದಿಂದಲೇ ಕೇಳಿ ಬೆಳೆದ ನಮ್ಮ ಶ್ರಾವಕ ಬಂಧುಗಳಿಗೆ ಈ ಹೆಸರು ಹೊಸದಾಗಿ ತೋರಬಹುದು, ವಿಷಯ ಹೊಸದಲ್ಲ.

ಈ ಪಾಠದಲ್ಲಿ ನಾವು ವಿಚಾರಿಸಬೇಕಾಗಿರುವ ಪ್ರಶ್ನೆ ಒಂದೇ. ಒಂದು ಊರಿನಲ್ಲಿ ಹುಟ್ಟಿದ ಒಳ್ಳೆಯ ಪದ್ಧತಿ ಪಕ್ಕದ ಊರಿಗೆ ಹೇಗೆ ಹೋಗುತ್ತದೆ? ಕೆಲವು ಪ್ರಯತ್ನಗಳು ಹತ್ತೂರಿಗೆ ಹಬ್ಬಿ ನಿಂತರೆ, ಮತ್ತೆ ಕೆಲವು ಸಾವಿರ ಊರಿಗೆ ಹಬ್ಬಿಯೂ ಕೆಲವೇ ವರ್ಷಗಳಲ್ಲಿ ಒಣಗಿ ಹೋಗುತ್ತವೆ. ಇದಕ್ಕೆ ಕಾರಣವೇನು?

ಈ ಪ್ರಶ್ನೆ ನಮ್ಮ ಸೀಮೆಗೆ ಕೇವಲ ಕುತೂಹಲದ್ದಲ್ಲ. ರಾಯದುರ್ಗವು ಇಂದಿಗೂ ಅನಂತಪುರ ಜಿಲ್ಲೆಯಲ್ಲಿದೆ. ಮಡಕಶಿರಾ 2022ರ ಏಪ್ರಿಲ್‌ನಿಂದ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಎರಡಾದರೂ ಆಕಾಶ ಒಂದೇ. ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿ ಬಿದ್ದಿರುವ ಈ ನೆಲಕ್ಕೆ ಮುಂಗಾರು ಬಳಲಿ ತಲಪುತ್ತದೆ; ಹಿಂಗಾರು ಬರುವ ವೇಳೆಗೆ ಅದರ ಕೈಯೂ ಬರಿದಾಗಿರುತ್ತದೆ. ಇಂತಹ ಕಡೆ ಒಂದು ಮರ, ಒಂದು ಕೆರೆ, ಒಂದು ಹುಲ್ಲುಗಾವಲು ಹಾಳಾದರೆ ಅದು ಮತ್ತೆ ಚಿಗುರಲು ಒಂದು ತಲೆಮಾರು ಬೇಕಾಗುತ್ತದೆ.

ಹಕ್ಕಿಗಳ ಮೂರು ಊರುಗಳು

ಹಿಂದೂಪುರದ ಆಚೆಗೆ, ಚಿಲಮತ್ತೂರು ಮಂಡಲದಲ್ಲಿ ವೀರಾಪುರವೆಂಬ ಹಳ್ಳಿಯಿದೆ. ಪ್ರತಿವರ್ಷ ಚಳಿಗಾಲದ ಕೊನೆಯ ವೇಳೆಗೆ ಬಣ್ಣದ ಕೊಕ್ಕರೆಗಳು ಈ ಊರಿಗೆ ಬಂದು, ಮನೆಗಳ ನಡುವಿನ ಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮರಿಗಳು ಹಾರಲು ಕಲಿತ ಮೇಲೆ ಹಿಂದಿರುಗುತ್ತವೆ. ಹಕ್ಕಿಗಳು ಬಂದರೆ ಊರಿಗೆ ಶುಭ, ಮಳೆಬೆಳೆ ಚೆನ್ನಾಗಿ ಆಗುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಆದ್ದರಿಂದ ಅವುಗಳನ್ನು ಬೇಟೆಯಾಡುವುದಾಗಲಿ, ಗದ್ದಲದಿಂದ ಬೆದರಿಸುವುದಾಗಲಿ ಊರವರಿಗೆ ಒಪ್ಪಿಗೆಯಿಲ್ಲ.

ಮಡಕಶಿರಾದ ಇನ್ನೊಂದು ದಿಕ್ಕಿನಲ್ಲಿ, ಕರ್ನಾಟಕದ ಶಿರಾ ತಾಲ್ಲೂಕಿಗೆ ಸೇರಿದ ಕಗ್ಗಲಡು ಇದೆ. ಇಲ್ಲಿಯೂ ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುತ್ತವೆ. ತುಮಕೂರಿನ ನಿಸರ್ಗಪ್ರಿಯರ ಸಂಘವೊಂದು 1999ರಲ್ಲಿ ಇದನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿತು. ಅದಕ್ಕೆ ಮುನ್ನವೇ ಊರವರು ಹಕ್ಕಿಗಳನ್ನು ತಮ್ಮವೆಂದು ಭಾವಿಸಿ ಕಾಯುತ್ತಿದ್ದರು.

ಮೂರನೆಯದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಯ ಸಮೀಪದ ಈ ಊರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಹುಕಾಲದಿಂದ ಬರುತ್ತಿವೆ. ಸುಮಾರು ನೂರು ವರ್ಷಗಳ ಹಿಂದೆ ಪ್ಲೇಗಿನ ಕಾರಣ ಊರು ಸ್ಥಳ ಬದಲಾಯಿಸಿದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವೆಂದು ಊರ ಹಿರಿಯರು ಹೇಳುತ್ತ ಬಂದಿದ್ದಾರೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಈ ಹಕ್ಕಿಗಳನ್ನು ಕಾಣುವ ವಾಡಿಕೆ ಅಲ್ಲಿಯದು.

ಈ ಮೂರೂ ಊರುಗಳು ಒಂದರಿಂದ ಒಂದು ಕಲಿತವುಗಳಲ್ಲ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಗಮನಿಸಬೇಕು. ಅತಿಥಿಯನ್ನು ಹೊರದೂಡಬಾರದು, ಹೆರಿಗೆಗೆ ಬಂದವಳನ್ನು ನೋಯಿಸಬಾರದು ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಎಲ್ಲೆಡೆ ಇದ್ದದ್ದೇ. ಹಕ್ಕಿ ಬಂದ ಕಡೆ ಆ ಭಾವನೆ ಹಕ್ಕಿಗೂ ಸಂದಿತು. ಹೀಗೆ ಸಂರಕ್ಷಣೆಯ ಬೀಜ ನೆಲದಲ್ಲಿ ಮೊದಲೇ ಇರುತ್ತದೆ. ಅದನ್ನು ಹೊರಗಿನಿಂದ ತಂದು ಬಿತ್ತಬೇಕಾಗಿಲ್ಲ.

ಆದರೆ ಬೀಜವಿದ್ದ ಮಾತ್ರಕ್ಕೆ ಮರವಾಗುವುದಿಲ್ಲ. ಹುಣಸೆ ಮರವೆಂದರೆ ನಮ್ಮ ಕಡೆಯ ರೈತನಿಗೆ ಬರಗಾಲದ ಬಂಧು. ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಹಣ್ಣು ಬಿಟ್ಟು ಹಿಂದೂಪುರದ ಮಾರುಕಟ್ಟೆಯಲ್ಲಿ ನಾಲ್ಕು ಕಾಸು ತರುವುದು ಅದೇ. ಅಂತಹ ಮರದ ತುಂಬ ಹಕ್ಕಿ ಗೂಡು ಕಟ್ಟಿದರೆ ಫಸಲು ಕೆಡುತ್ತದೆ, ಕೊಂಬೆಗಳು ಒಣಗುತ್ತವೆ, ಅಂಗಳದಲ್ಲಿ ದುರ್ವಾಸನೆ ತುಂಬುತ್ತದೆ. ಹಕ್ಕಿಗಳ ಕೀರ್ತಿ ಇಡೀ ಊರಿನದು. ನಷ್ಟ ಮಾತ್ರ ಮರದ ಒಡೆಯನದು. ಈ ವ್ಯತ್ಯಾಸವನ್ನು ಸರಿಪಡಿಸದಿದ್ದರೆ ಎಂತಹ ದಯಾಭಾವನೆಯೂ ಎರಡು ಬರಗಾಲಗಳನ್ನು ದಾಟುವುದು ಕಷ್ಟ.

ಕೊಕ್ಕರೆ ಬೆಳ್ಳೂರಿನಲ್ಲಿ ಈ ಕೆಲಸ ನಡೆದದ್ದು 1976ರ ಸುಮಾರಿಗೆ. ಅರಣ್ಯಾಧಿಕಾರಿಗಳಾಗಿದ್ದ ಎಸ್.ಜಿ. ನೇಗಿನಹಾಳರು ಆ ಊರಿನ ಮಹತ್ವವನ್ನು ಮನಗಂಡು, ಗೂಡುಗಳಿರುವ ಮರಗಳ ಒಡೆಯರಿಗೆ ಇಲಾಖೆಯಿಂದ ಪರಿಹಾರ ದೊರೆಯುವ ವ್ಯವಸ್ಥೆಗೆ ಕಾರಣರಾದರು. ಹುಣಸೆಯ ಬೆಲೆ ಏರಿದಂತೆ ಪರಿಹಾರ ಏರದೆ ಹೋದಾಗ ಮತ್ತೆ ಮರಗಳಿಗೆ ಕೊಡಲಿ ಬಿದ್ದದ್ದೂ ಉಂಟು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗತಜ್ಞರ ಬಳಗವೊಂದು ಊರಿನಲ್ಲಿ ನೆಲೆನಿಂತು ಕೆಲಸ ಮಾಡಿತು; ಅದರ ಸಹವಾಸದಲ್ಲಿ ಊರಿನ ಯುವಕರದೇ ಆದ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ ಮತ್ತೆ ಹಾರಲು ಬಿಡುವ ಕಾರ್ಯವನ್ನು ಈ ಬಳಗ ಕೈಗೊಂಡಿತು. ನಂಬಿಕೆ, ಪರಿಹಾರ, ಊರಿನದೇ ಆದ ಕಾರ್ಯಕರ್ತರು, ಈ ಮೂರೂ ಕೂಡಿದ ಮೇಲೆಯೇ 2007ರಲ್ಲಿ ಆ ಊರು ‘ಸಮುದಾಯ ಮೀಸಲು’ ಎಂಬ ಕಾನೂನಿನ ಮಾನ್ಯತೆಯನ್ನು ಪಡೆಯಿತು.

ಭಾವನೆಗೆ ವೃತ್ತಿಯ ಆಸರೆ

ಒಳ್ಳೆಯ ಸಂಕಲ್ಪಕ್ಕೆ ಶಾಶ್ವತವಾದ ಏರ್ಪಾಡು ಬೇಕೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಇದಕ್ಕೆ ಮಡಕಶಿರಾ ಸೀಮೆಯ ಅಮರಾಪುರದ ಶಾಸನವೇ ಸಾಕ್ಷಿ. ಶಕವರ್ಷ 1200, ಎಂದರೆ ಕ್ರಿ.ಶ. 1278ರ ಈ ಶಾಸನವು ಇರುಂಗೋಳ ಚೋಳ ಅರಸನ ಆಳ್ವಿಕೆಯ ಕಾಲದ್ದು. ಮಲ್ಲಿಸೆಟ್ಟಿಯೆಂಬ ಶ್ರಾವಕನು ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ಎರಡು ಸಾವಿರ ಅಡಕೆ ಮರಗಳನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ.

ಈ ದತ್ತಿಯ ಸ್ವರೂಪವನ್ನು ಸ್ವಲ್ಪ ಆಲೋಚಿಸಬೇಕು. ಹಣ ಕೊಟ್ಟಿದ್ದರೆ ಅದು ಒಂದು ದಿನ ಮುಗಿಯುತ್ತಿತ್ತು. ಮರಗಳನ್ನು ಕೊಟ್ಟದ್ದರಿಂದ, ಜಿನಾಲಯ ನಡೆಯಬೇಕಾದರೆ ಮರಗಳು ಉಳಿಯಬೇಕು, ಮರಗಳು ಉಳಿಯಬೇಕಾದರೆ ನೀರು ಉಳಿಯಬೇಕು, ನೀರು ಉಳಿಯಬೇಕಾದರೆ ಕೆರೆಯನ್ನು ಊರವರು ನೋಡಿಕೊಳ್ಳಬೇಕು ಎಂಬ ಸರಪಳಿ ತಾನಾಗಿಯೇ ಏರ್ಪಡುತ್ತದೆ. ಕಾಯುವವನಿಗೆ ಕಾಯ್ದದ್ದರ ಫಲ ಸಲ್ಲುವಂತೆ ಮಾಡುವುದು, ಅದನ್ನು ನಾಲ್ವರ ಎದುರಿನಲ್ಲಿ ಕಲ್ಲಿನ ಮೇಲೆ ಬರೆಸುವುದು, ಇವೇ ಎರಡು ಸೂತ್ರಗಳು. ಏಳು ಶತಮಾನಗಳ ಮೇಲೆಯೂ ಸಮುದಾಯ ಸಂರಕ್ಷಣೆಗೆ ಇವುಗಳಿಗಿಂತ ಮಿಗಿಲಾದ ಸೂತ್ರಗಳನ್ನು ಯಾರೂ ಕಂಡುಹಿಡಿದಿಲ್ಲ.

ನೆರೆಯಿಂದ ನೆರೆಗೆ: ಕಲ್ಪವಲ್ಲಿಯ ಉದಾಹರಣೆ

ಒಂದೂರಿನ ಪ್ರಯತ್ನ ಪಕ್ಕದ ಊರಿಗೆ ಹಬ್ಬಿದ ನಿದರ್ಶನಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಪೆನುಕೊಂಡದ ಸುತ್ತಿನ ಚೆನ್ನೇಕೊತ್ತಪಲ್ಲಿ, ರೊದ್ದಂ ಮಂಡಲಗಳ ನಡುವಿನ ಗುಡ್ಡಗಳಲ್ಲಿ ಕಲ್ಪವಲ್ಲಿಯೆಂಬ ಕಾವಲಿದೆ. 1990ರಲ್ಲಿ ಬಬ್ಲು ಗಂಗೂಲಿ, ಮೇರಿ ವಟ್ಟಮಟ್ಟಂ ಮತ್ತು ಅವರ ಸಂಗಡಿಗರು ಚೆನ್ನೇಕೊತ್ತಪಲ್ಲಿಯ ಹತ್ತಿರ 32 ಎಕರೆಗಳ ಬರಡು ನೆಲವನ್ನು ಕೊಂಡು, ತಿಂಬಕ್ತು ಸಂಸ್ಥೆಯನ್ನು ಆರಂಭಿಸಿದರು. ಅವರು ಅಲ್ಲಿ ಮಾಡಿದ ಮುಖ್ಯ ಕೆಲಸ ಅತ್ಯಂತ ಸರಳವಾದುದು: ಬೆಂಕಿ ಬೀಳದಂತೆ, ಮರ ಕಡಿಯದಂತೆ, ದನ ಕುರಿಗಳು ಅಳತೆ ಮೀರಿ ಮೇಯದಂತೆ ನೋಡಿಕೊಂಡದ್ದು. ಕೆಲವೇ ಮಳೆಗಾಲಗಳಲ್ಲಿ ಹಳೆಯ ಬೇರುಗಳು ತಾವಾಗಿಯೇ ಚಿಗುರಿದವು.

ಇದನ್ನು ನೋಡಿದ ಮುಷ್ಟಿಕೋವಿಲ ಗ್ರಾಮದವರು ತಮ್ಮ ಊರ ಹಿಂದಿನ ಗುಡ್ಡಗಳನ್ನೂ ಹೀಗೆಯೇ ಕಾಯಬಹುದಲ್ಲವೇ ಎಂದು ಮುಂದೆ ಬಂದರು. ಬೇಸಗೆಯಲ್ಲಿ ಬೆಂಕಿ ತಡೆಯಲು ಗೆರೆ ಕಡಿಯುವುದು, ಕಾವಲಿಗೆ ಊರಿನವರನ್ನೇ ನೇಮಿಸುವುದು, ಬೀಜ ಎರಚುವುದು, ಹಳ್ಳಕ್ಕೆ ಅಡ್ಡ ಕಲ್ಲು ಕಟ್ಟುವುದು, ಇವಿಷ್ಟೇ ಕ್ರಮಗಳು. ಹುಲ್ಲು ಬೆಳೆಯಿತು, ಮೇವು ದೊರೆಯಿತು, ಹಳ್ಳದ ಬದಿಯ ಈಚಲು ಬೆಳೆದು ಪೊರಕೆ, ಚಾಪೆ ಹೆಣೆಯುವವರಿಗೆ ಗರಿ ಸಿಕ್ಕಿತು, ಕೆಳಗಿನ ಕೆರೆಗಳಿಗೆ ನೀರು ಬಂತು. ಪಕ್ಕದ ಊರಿನ ಕುರಿಗಾಹಿಗಳು ಇದನ್ನು ಕಂಡರು. ಹೀಗೆ ಒಂದೊಂದಾಗಿ ಹತ್ತರಷ್ಟು ಹಳ್ಳಿಗಳು ಸೇರಿ, ಏಳು ಸಾವಿರ ಎಕರೆಗೂ ಮೀರಿದ ನೆಲ ಈ ಕಾವಲಿಗೆ ಒಳಪಟ್ಟಿತು. ಮುಂದೆ ಈ ಹಳ್ಳಿಗಳವರು ತಮ್ಮದೇ ಸಹಕಾರ ಸಂಘವನ್ನೂ ಕಟ್ಟಿಕೊಂಡರು. ಕಣ್ಮರೆಯಾಗಿದ್ದ ತೋಳಗಳು ಆ ಹುಲ್ಲುಗಾವಲುಗಳಲ್ಲಿ ಮತ್ತೆ ಕಾಣಿಸಿಕೊಂಡವು.

ಇಲ್ಲಿ ಪ್ರಚಾರಕರು ಊರೂರು ಸುತ್ತಿ ಭಾಷಣ ಮಾಡಿದ್ದರಿಂದ ಕೆಲಸ ಹಬ್ಬಿದ್ದಲ್ಲ. ಒಂದು ಗುಡ್ಡ ಹಸಿರಾಗಿ ಪಕ್ಕದ ಗುಡ್ಡ ಬೋಳಾಗಿ ನಿಂತಿದ್ದುದೇ ಭಾಷಣ. ಮದುವೆ, ಜಾತ್ರೆ, ಸಂತೆಗಳಲ್ಲಿ ನೆಂಟರು ಕೇಳಿದ ಪ್ರಶ್ನೆಗಳೇ ಪ್ರಚಾರ.

ಆದೇಶದಿಂದ ಹಬ್ಬಿದ ಪ್ರಯತ್ನ

ಈಗ ಇದಕ್ಕೆ ಪ್ರತಿಯಾದ ಇನ್ನೊಂದು ಬಗೆಯನ್ನು ನೋಡೋಣ. 1972ರಲ್ಲಿ ಪಶ್ಚಿಮ ಬಂಗಾಳದ ಮೇದಿನೀಪುರ ಜಿಲ್ಲೆಯ ಅರಬಾರಿಯಲ್ಲಿ ಅರಣ್ಯಾಧಿಕಾರಿ ಅಜಿತ್ ಕುಮಾರ್ ಬ್ಯಾನರ್ಜಿಯವರು ಹನ್ನೊಂದು ಹಳ್ಳಿಗಳ ಜನರೊಡನೆ ಒಪ್ಪಂದವೊಂದನ್ನು ಮಾಡಿಕೊಂಡರು. ನಶಿಸಿದ್ದ ಸಾಲವೃಕ್ಷಗಳ ಕಾಡನ್ನು ಹಳ್ಳಿಯವರು ಕಾಯಬೇಕು. ಬೆಳೆದ ಮರದ ಆದಾಯದಲ್ಲಿ ಅವರಿಗೂ ನಾಲ್ಕನೆಯ ಒಂದು ಪಾಲು ಸಲ್ಲಬೇಕು. ಕಾಡು ಮತ್ತೆ ಬೆಳೆಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿ, 1990ರ ಕೇಂದ್ರ ಸರ್ಕಾರದ ಸುತ್ತೋಲೆ ಇವುಗಳ ಮೂಲಕ ಈ ಮಾದರಿ ದೇಶಕ್ಕೆಲ್ಲ ಹಬ್ಬಿತು.

ಆಂಧ್ರಪ್ರದೇಶದಲ್ಲಿ 1992ರಿಂದ ‘ವನ ಸಂರಕ್ಷಣ ಸಮಿತಿ’ಗಳು ರಚಿತವಾದವು. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹತ್ತೇ ವರ್ಷಗಳಲ್ಲಿ ಸಮಿತಿಗಳ ಸಂಖ್ಯೆ ಸಾವಿರಗಳಿಗೆ ಏರಿತು. 2002ರಲ್ಲಿ ಇದೇ ಕಾರ್ಯ ‘ಸಮುದಾಯ ಅರಣ್ಯ ನಿರ್ವಹಣೆ’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಜನರು ಶ್ರದ್ಧೆಯಿಂದ ದುಡಿದ ಕಡೆಗಳಲ್ಲಿ ಒಳ್ಳೆಯ ಕಾಡು ಬೆಳೆದದ್ದು ನಿಜ. ಎಷ್ಟೋ ಹಳ್ಳಿಗಳಿಗೆ ಬರಗಾಲದಲ್ಲಿ ಕೂಲಿ ದೊರೆತದ್ದೂ ನಿಜ. ಆದರೆ ಯೋಜನೆಯ ಹಣ ನಿಂತ ಮೇಲೆ ಬಹಳಷ್ಟು ಸಮಿತಿಗಳು ಕಾಗದದಲ್ಲಿ ಮಾತ್ರ ಉಳಿದವು. ಅನೇಕ ಕಡೆ ಸಭೆ ಕರೆಯುವ, ಹಣ ತೆಗೆಯುವ, ಲೆಕ್ಕ ಇಡುವ ಅಧಿಕಾರಗಳು ಇಲಾಖೆಯ ಕೈಯಲ್ಲಿಯೇ ಇದ್ದವು. ಜನರಿಗೆ ಸಿಕ್ಕಿದ್ದು ಹೆಚ್ಚಾಗಿ ಕೂಲಿ. ಕಾಡು ನಮ್ಮದೆಂಬ ಭಾವನೆ ಬೇರೂರಲು ಸಮಯವೇ ದೊರೆಯಲಿಲ್ಲ.

ಅರಬಾರಿಯಲ್ಲಿ ಫಲಿಸಿದ ಪದ್ಧತಿ ಎಲ್ಲೆಡೆ ಫಲಿಸದಿರಲು ಕಾರಣ ಇದೇ. ಅರಬಾರಿಯಲ್ಲಿ ಮೊದಲು ಒಪ್ಪಂದ ಹುಟ್ಟಿತು, ಆಮೇಲೆ ನಿಯಮ ಬಂತು. ಬೇರೆಡೆಗಳಲ್ಲಿ ನಿಯಮ ಮೊದಲು ಬಂತು. ಒಪ್ಪಂದ ಎಷ್ಟೋ ಕಡೆ ಬರಲೇ ಇಲ್ಲ.

ಹಬ್ಬುವಿಕೆಯ ನಿಯಮ

ಹೊಸ ಪದ್ಧತಿಗಳು ಜನರಲ್ಲಿ ಹರಡುವ ಬಗೆಯನ್ನು ಕುರಿತು ಸಮಾಜವಿಜ್ಞಾನಿಗಳು ಬಹುಕಾಲದಿಂದ ಅಧ್ಯಯನ ನಡೆಸಿದ್ದಾರೆ. 1943ರಲ್ಲಿ ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ವಿದ್ವಾಂಸರು, ಮಿಶ್ರತಳಿಯ ಮುಸುಕಿನ ಜೋಳ ರೈತರಲ್ಲಿ ಹೇಗೆ ಬಳಕೆಗೆ ಬಂತೆಂಬುದನ್ನು ವಿವರವಾಗಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿಯನ್ನು ರೈತರು ಹೆಚ್ಚಾಗಿ ಮಾರಾಟಗಾರರಿಂದ ಕೇಳಿದ್ದರು. ಆದರೆ ಬಿತ್ತಲು ಮನಸ್ಸು ಮಾಡಿದ್ದು ನೆರೆಹೊರೆಯವರ ಹೊಲವನ್ನು ನೋಡಿ, ಅವರ ಮಾತು ಕೇಳಿ. 1962ರಲ್ಲಿ ಎವೆರೆಟ್ ರೋಜರ್ಸ್ ಎಂಬ ವಿದ್ವಾಂಸರು ಇಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಗ್ರಂಥವೊಂದನ್ನು ರಚಿಸಿದರು. ಅವರ ಸಿದ್ಧಾಂತದಂತೆ ಒಂದು ಪದ್ಧತಿ ಹಬ್ಬಬೇಕಾದರೆ ಐದು ಗುಣಗಳು ಸಹಾಯಕವಾಗುತ್ತವೆ. ಅವುಗಳನ್ನು ನಮ್ಮ ಸೀಮೆಯ ಉದಾಹರಣೆಗಳೊಡನೆ ಹೀಗೆ ಹೇಳಬಹುದು.

1. ಪ್ರಯೋಜನ: ಹಳೆಯದಕ್ಕಿಂತ ಹೊಸದರಿಂದ ಹೆಚ್ಚು ಲಾಭವಿರಬೇಕು. ಕಲ್ಪವಲ್ಲಿಯಲ್ಲಿ ಮೇವು ಮತ್ತು ನೀರು.

2. ಹೊಂದಾಣಿಕೆ: ಜನರ ನಂಬಿಕೆ, ನಡವಳಿಕೆಗಳಿಗೆ ಅದು ಸಲ್ಲಬೇಕು. ವೀರಾಪುರದಲ್ಲಿ ಹಕ್ಕಿ ಶುಭವೆಂಬ ಭಾವನೆ.

3. ಸರಳತೆ: ಓದು ಬರಹವಿಲ್ಲದವರಿಗೂ ತಿಳಿಯುವಂತಿರಬೇಕು. ಬೆಂಕಿ ತಡೆಯುವ ಗೆರೆಯನ್ನು ಯಾರಾದರೂ ಕಡಿಯಬಲ್ಲರು.

4. ಸ್ವಲ್ಪದರಲ್ಲಿ ಪರೀಕ್ಷಿಸುವ ಅವಕಾಶ: 32 ಎಕರೆಗಳಲ್ಲಿ ಮಾಡಿ ನೋಡಿದ ಮೇಲೆ ಸಾವಿರ ಎಕರೆ.

5. ಕಣ್ಣಿಗೆ ಕಾಣುವ ಫಲ: ಹಸಿರಾದ ಗುಡ್ಡವನ್ನು ಸಂತೆಗೆ ಹೋಗುವವರೆಲ್ಲರೂ ಕಾಣುತ್ತಾರೆ.

2019ರಲ್ಲಿ ಮೊರೆನಾ ಮಿಲ್ಸ್ ಮತ್ತು ಸಹವಿದ್ವಾಂಸರು ಪ್ರಪಂಚದ ನಾನಾ ಕಡೆಯ ಸಂರಕ್ಷಣಾ ಪ್ರಯತ್ನಗಳನ್ನು ಇದೇ ದೃಷ್ಟಿಯಿಂದ ಪರಿಶೀಲಿಸಿದರು. ಅವುಗಳಲ್ಲಿ ಹೆಚ್ಚಿನವು, ಎಂದರೆ ನೂರಕ್ಕೆ 83ರಷ್ಟು, ಮೊದಲು ನಿಧಾನವಾಗಿ, ನಡುವೆ ವೇಗವಾಗಿ, ಕೊನೆಗೆ ಮತ್ತೆ ನಿಧಾನವಾಗಿ ಬೆಳೆದವೆಂದು ಕಂಡುಬಂತು. ಮೊದಲ ಕೆಲವು ವರ್ಷಗಳಲ್ಲಿ ಎರಡನೆಯ ಊರು ಸೇರಲಿಲ್ಲವೆಂದು ಕೈಚೆಲ್ಲುವವರಿಗೆ ಈ ಮಾತು ಧೈರ್ಯ ಕೊಡಬೇಕು. ಅದು ಸೋಲಲ್ಲ, ನೆರೆಯವರು ನೋಡುತ್ತಿರುವ ಕಾಲ.

ಪಕ್ಕದ ನೇಪಾಳದ ಸಂಗತಿಯೂ ಬೋಧಪ್ರದವಾಗಿದೆ. ಸಿಂಧುಪಾಲ್ಚೋಕ್ ಜಿಲ್ಲೆಯ ಠೋಕರ್ಪಾ ಎಂಬ ಗ್ರಾಮದವರು 1973ರಲ್ಲಿ ಅರಣ್ಯಾಧಿಕಾರಿಯೊಬ್ಬರ ಸಹಕಾರದಿಂದ ತಮ್ಮ ಕಾಡನ್ನು ತಾವೇ ನೋಡಿಕೊಳ್ಳಲು ಆರಂಭಿಸಿದರು. ಇಪ್ಪತ್ತು ವರ್ಷಗಳ ಅನುಭವದ ನಂತರ, 1993ರ ಅರಣ್ಯ ಕಾಯಿದೆಯು ಬಳಕೆದಾರರ ಗುಂಪುಗಳಿಗೆ ಕಾಡಿನ ನಿರ್ವಹಣೆಯ ಹಕ್ಕನ್ನು ಕೊಟ್ಟಿತು. 1995ರಲ್ಲಿ ಆ ಗುಂಪುಗಳು ತಮ್ಮದೇ ಮಹಾಸಂಘವನ್ನು ಕಟ್ಟಿಕೊಂಡವು. ಇಂದು ಅಂತಹ ಗುಂಪುಗಳು 22 ಸಾವಿರಕ್ಕೂ ಹೆಚ್ಚಿವೆ. ಸರ್ಕಾರದ ಆದೇಶ ಇಲ್ಲಿಯೂ ಬಂತು. ಆದರೆ ಅದು ಹಳ್ಳಿಯವರ ಕೈಗೆ ಅಧಿಕಾರವನ್ನು ಕೊಟ್ಟ ಆದೇಶ. ಆದ್ದರಿಂದ ಆದೇಶವೇ ಕೆಟ್ಟದ್ದೆಂದು ತಿಳಿಯಬಾರದು. ಆದೇಶ ಏನನ್ನು ಕೊಡುತ್ತದೆ, ಏನನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ ಎಂಬುದೇ ಮುಖ್ಯ.

ನೆರೆಯವನಿಲ್ಲದೆ ಆಗದ ಕೆಲಸ: ರಾಯದುರ್ಗದ ಮರಳು

ಇಲ್ಲಿಯವರೆಗೆ, ಸಂರಕ್ಷಣೆ ಹಬ್ಬಿದರೆ ಒಳ್ಳೆಯದು ಎಂಬ ದೃಷ್ಟಿಯಿಂದ ವಿಚಾರಿಸಿದೆವು. ಹಬ್ಬದೆ ಹೋದರೆ ಮೊದಲ ಊರಿನ ಕೆಲಸವೂ ಉಳಿಯುವುದಿಲ್ಲ ಎಂಬುದು ಇನ್ನೂ ಆಳವಾದ ಮಾತು. ಇದನ್ನು ರಾಯದುರ್ಗದ ಕಡೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ವೇದಾವತಿ ನದಿಯನ್ನು ನಮ್ಮ ಕಡೆ ಹಗರಿಯೆಂದು ಕರೆಯುತ್ತೇವೆ. ಮೇಲ್ಭಾಗದಲ್ಲಿ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ, ಇತ್ತ ಗುಮ್ಮಗಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಅಣೆಕಟ್ಟು, ಇವುಗಳ ಕೆಳಗೆ ನದಿ ವರ್ಷದ ಹೆಚ್ಚು ಕಾಲ ಒಣಗಿದ ಮರಳಿನ ಹಾಸು. ಆಷಾಢದ ಗಾಳಿ ಬೀಸಿದಾಗ ಆ ಮರಳು ಎದ್ದು ಕಣೇಕಲ್ಲು, ಬೊಮ್ಮನಹಾಳ್ ಮಂಡಲಗಳ ಹೊಲಗಳ ಮೇಲೆ ಬಂದು ಬೀಳುತ್ತದೆ. ಫಲವತ್ತಾದ ನೆಲದ ಮೇಲೆ ಅಲ್ಲಿ ಮರಳಿನ ದಿಬ್ಬಗಳೇ ಎದ್ದು ನಿಂತಿವೆ.

ಇಲ್ಲಿ ಒಬ್ಬ ರೈತನು ತನ್ನ ಹೊಲದ ಬದುವಿನ ಮೇಲೆ ಹೊಂಗೆ, ಸೀಮೆತಂಗಡಿಗಳನ್ನು ನೆಟ್ಟು ಗಾಳಿತಡೆ ಮಾಡಿಕೊಂಡನೆನ್ನೋಣ. ಗಾಳಿ ಬರುವ ದಿಕ್ಕಿನ ಹೊಲದವನು ಸುಮ್ಮನಿದ್ದರೆ ಆ ಸಸಿಗಳೇ ಮರಳಿನಲ್ಲಿ ಹೂತು ಹೋಗುತ್ತವೆ. ನದಿದಂಡೆಯಿಂದ ಆರಂಭಿಸಿ ಸಾಲುಸಾಲಾಗಿ ಹೊಲಗಳು, ಊರುಗಳು ಒಂದಾಗಿ ನೆಟ್ಟರೆ ಮಾತ್ರ ಗಾಳಿಯ ಕೈ ಕಟ್ಟಲು ಸಾಧ್ಯ. ಹುಲ್ಲು, ಪೊದೆಗಳಿಂದ ಮರಳನ್ನು ಹಿಡಿದು ನಿಲ್ಲಿಸಿ, ಆಮೇಲೆ ಮರಗಳನ್ನು ಎಬ್ಬಿಸುವ ಕ್ರಮಕ್ಕೆ ವರ್ಷಗಟ್ಟಲೆ ಕಾಲ ಬೇಕು. ಆ ಕಾಲದಲ್ಲಿ ಒಂದು ಮಂದೆ ಕುರಿ ನುಗ್ಗಿದರೂ ಮೊದಲಿನಿಂದ ಆರಂಭಿಸಬೇಕು. ಕುರಿಗಾಹಿಗೆ ಬೇರೆ ಮೇವು ತೋರಿಸದೆ ಅವನನ್ನು ಬೈದು ಓಡಿಸಿದರೆ ಅವನು ರಾತ್ರಿ ಬರುತ್ತಾನೆ. ಆದ್ದರಿಂದ ಒಪ್ಪಂದದ ಸಭೆಯಲ್ಲಿ ಜಮೀನಿರುವವರಷ್ಟೇ ಅಲ್ಲ, ಕುರಿಗಾಹಿಯೂ ಕುಳಿತಿರಬೇಕು.

ಹಕ್ಕಿಗಳ ವಿಷಯದಲ್ಲಿಯೂ ಇದೇ ಸತ್ಯ. ವೀರಾಪುರದ ಮರದಲ್ಲಿ ಮಲಗುವ ಕೊಕ್ಕರೆ ಆಹಾರಕ್ಕಾಗಿ ಸುತ್ತಲಿನ ಎಷ್ಟೋ ಊರುಗಳ ಕೆರೆಗಳಿಗೆ ಹಾರುತ್ತದೆ. ಆ ಕೆರೆಗಳು ಹೂಳು ತುಂಬಿದರೆ, ಒತ್ತುವರಿಯಾದರೆ, ವಿಷ ಸೇರಿದರೆ ವೀರಾಪುರದವರ ಪ್ರೀತಿಯೊಂದೇ ಮರಿಗಳನ್ನು ಬದುಕಿಸಲಾರದು. 2017ರ ಕೊನೆಯಿಂದ 2018ರವರೆಗೆ ಕೊಕ್ಕರೆ ಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತಾಗ, ಅವುಗಳ ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಕಂಡುಬಂದವು. ಇಂತಹ ಹುಳುಗಳು ಹಕ್ಕಿಯ ಹೊಟ್ಟೆ ಸೇರುವುದು ಅದು ತಿನ್ನುವ ಮೀನಿನ ಮೂಲಕ. ಗೂಡಿನ ಮರವನ್ನು ಕಾಯ್ದ ಊರಿಗೆ ಹಕ್ಕಿ ಉಣ್ಣುವ ನೀರೆಲ್ಲವನ್ನೂ ಕಾಯುವ ಶಕ್ತಿಯಿರಲಿಲ್ಲ. ಗೂಡಿಲ್ಲದ ಊರುಗಳೂ, ಹಕ್ಕಿಯ ಕೀರ್ತಿಯಲ್ಲಿ ಪಾಲಿಲ್ಲದಿದ್ದರೂ, ಅದರ ಅನ್ನದಲ್ಲಿ ಹೊಣೆಯುಳ್ಳವು.

ಬೆಳೆದದ್ದು ಉಳಿಯಬೇಕಾದರೆ

ಹಬ್ಬುವುದು ಒಂದು, ಉಳಿಯುವುದು ಇನ್ನೊಂದು. ಕಲ್ಪವಲ್ಲಿಯ ಗುಡ್ಡಗಳು ಸರ್ಕಾರದ ಕಂದಾಯ ದಾಖಲೆಗಳಲ್ಲಿ ‘ಬಂಜರು’ ಎಂದೇ ಬರೆಯಲ್ಪಟ್ಟಿದ್ದವು. ಇಪ್ಪತ್ತು ವರ್ಷಗಳ ಕಾವಲಿನಿಂದ ನೆಲ ಬದಲಾಗಿತ್ತು, ದಾಖಲೆ ಬದಲಾಗಿರಲಿಲ್ಲ. 2010ರ ಸುಮಾರಿಗೆ ಗಾಳಿಯಂತ್ರಗಳಿಗಾಗಿ ಆ ಗುಡ್ಡಗಳಲ್ಲಿ ಜಾಗ ಕೊಟ್ಟು, ದಾರಿಗಳನ್ನು ಕಡಿದಾಗ ಹುಲ್ಲು, ಮರಗಳು ನಷ್ಟವಾದವು, ನೀರಿನ ಹರಿವುಗಳು ಕೆಟ್ಟವು. ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. ಗಾಳಿಯಿಂದ ವಿದ್ಯುತ್ತು ಪಡೆಯುವುದು ತಪ್ಪಲ್ಲ. ಕಾಯ್ದವರನ್ನು ಕೇಳದೆ ಕಾಯ್ದದ್ದನ್ನು ಕೊಡುವುದು ತಪ್ಪು.

ಅಮರಾಪುರದ ಮಲ್ಲಿಸೆಟ್ಟಿ ದತ್ತಿಯನ್ನು ಕಲ್ಲಿನಲ್ಲಿ ಬರೆಸಿದಂತೆ, ಇಂದಿನ ಕಾಲದಲ್ಲಿ ಕಾನೂನಿನಲ್ಲಿ ಬರೆಸಿಕೊಳ್ಳುವ ದಾರಿಗಳಿವೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ‘ಸಮುದಾಯ ಮೀಸಲು’ ಸಾಧ್ಯವಾಯಿತು. ಅದೇ ವರ್ಷದ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಿ, ತಮ್ಮ ಊರಿನ ಗಿಡಮರ, ಪ್ರಾಣಿ ಪಕ್ಷಿ, ತಳಿಗಳ ದಾಖಲೆಯನ್ನು ಬರೆಯಬೇಕು. ಇದೇ ಕಾಯಿದೆಯ ಬಲದಿಂದ ದೇವನಹಳ್ಳಿಯ ಹತ್ತಿರದ ನಲ್ಲೂರಿನ ಪುರಾತನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ‘ಜೀವವೈವಿಧ್ಯ ಪಾರಂಪರಿಕ ತಾಣ’ವೆಂದು ಘೋಷಿತವಾಯಿತು. ಹುಣಸೆಯ ಸೀಮೆಯವರಾದ ನಮಗೆ ಇದು ಗಮನಾರ್ಹ ಸಂಗತಿ. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಅರ್ಹವಾದ ಗ್ರಾಮಸಭೆಗಳಿಗೆ ತಮ್ಮ ಸಾಮುದಾಯಿಕ ಅರಣ್ಯವನ್ನು ಕಾಯುವ ಹಕ್ಕನ್ನು ಕೊಡುತ್ತದೆ.

ಆದರೆ ಕಾಗದಕ್ಕೆ ಒಂದು ಮಿತಿಯುಂಟು. ಊರಿನಲ್ಲಿ ಒಪ್ಪಂದವಿಲ್ಲದೆ ಬಂದ ಘೋಷಣೆ ಫಲಕವಾಗಿ ನಿಲ್ಲುತ್ತದೆ. ಒಪ್ಪಂದವಿದ್ದೂ ಘೋಷಣೆಯಿಲ್ಲದ ಊರು ಒಂದು ದಿನ ಅನಾಥವಾಗುತ್ತದೆ. ಎರಡೂ ಕೂಡಬೇಕು, ಕೂಡುವ ಕ್ರಮದಲ್ಲಿ ಒಪ್ಪಂದ ಮುಂದೆ, ಕಾಗದ ಹಿಂದೆ ಇರಬೇಕು.

ಪಾಠದ ಸಾರ

ಇಷ್ಟು ವಿಚಾರದಿಂದ ತಿಳಿದುಬರುವುದೇನೆಂದರೆ, ಸಂರಕ್ಷಣೆಯ ಭಾವನೆಯನ್ನು ಹೊರಗಿನಿಂದ ತರಬೇಕಾಗಿಲ್ಲ, ಅದು ಜನರಲ್ಲಿದೆ. ಅದು ಹಬ್ಬುವುದು ಕಣ್ಣಿನಿಂದ ಮತ್ತು ನೆಂಟಸ್ತಿಕೆಯಿಂದ. ನಿಲ್ಲುವುದು, ಕಾಯ್ದವನಿಗೆ ಫಲವೂ ಹಕ್ಕೂ ದೊರೆಯುವ ಏರ್ಪಾಡಿನಿಂದ. ಒಣಗುವುದು, ಕೀರ್ತಿ ಎಲ್ಲರದಾಗಿ ನಷ್ಟ ಒಬ್ಬನದಾದಾಗ. ಹುಣಸೆ ಮರದ ಒಡೆಯನಿಗೂ ಮರಳಿನ ಬದಿಯ ಕುರಿಗಾಹಿಗೂ ಆಗುವ ನಷ್ಟವನ್ನು ಊರು ಹಂಚಿಕೊಂಡ ದಿನವೇ ಜೀವದಯೆ ಒಬ್ಬರ ವ್ರತವಾಗಿದ್ದುದು ಊರಿನ ವ್ರತವಾಗುತ್ತದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಯಾರ ಆದೇಶವೂ ಇಲ್ಲದೆ ಜನರು ಕಾಯ್ದುಕೊಂಡು ಬಂದಿರುವ ಮರ, ತೋಪು, ಕೆರೆ ಅಥವಾ ಪ್ರಾಣಿ ಪಕ್ಷಿ ಯಾವುದು? ಅದನ್ನು ಕಾಯುವುದರಿಂದ ಯಾರಿಗೆ ನಷ್ಟವಾಗುತ್ತಿದೆ?

2. ಆ ನಷ್ಟವನ್ನು ಊರಿನವರೆಲ್ಲರೂ ಹಂಚಿಕೊಳ್ಳುವ ಒಂದು ಸರಳ ಕ್ರಮವನ್ನು ಸೂಚಿಸಿರಿ.

3. ಕಲ್ಪವಲ್ಲಿ ಹಬ್ಬಿದ ಬಗೆಗೂ ವನ ಸಂರಕ್ಷಣ ಸಮಿತಿಗಳು ಹಬ್ಬಿದ ಬಗೆಗೂ ಇರುವ ಮುಖ್ಯ ವ್ಯತ್ಯಾಸವೇನು?

4. ರೋಜರ್ಸರು ಹೇಳಿದ ಐದು ಗುಣಗಳಲ್ಲಿ ರಾಯದುರ್ಗದ ಮರಳು ತಡೆಯುವ ಕಾರ್ಯಕ್ಕೆ ಯಾವುವು ಒದಗುತ್ತವೆ, ಯಾವುವು ಒದಗುವುದಿಲ್ಲ? ಒದಗದಿರುವುದಕ್ಕೆ ಪರಿಹಾರವೇನು?

5. ನಿಮ್ಮ ಊರಿನ ಕೆರೆಯ ನೀರನ್ನು ಅವಲಂಬಿಸಿರುವ ಪಕ್ಕದ ಊರುಗಳ, ಪ್ರಾಣಿ ಪಕ್ಷಿಗಳ ಪಟ್ಟಿಯೊಂದನ್ನು ಹಿರಿಯರನ್ನು ಕೇಳಿ ಬರೆಯಿರಿ.